ಲಂಟಾನ ಪೊದೆಯೊಳಗಿನ ಗಂಟೆ

ಪಶುಪತಿಯೆನಿಸಿದ ಪರಶಿವನೇ, ಮಾತಿಲ್ಲದ ಜೀವಗಳ ಮೊರೆ ನಮ್ಮ ಕಿವಿಗೆ ಬೀಳುವಂತೆ ಅನುಗ್ರಹಿಸು.

ಪುಣಜನೂರಿನ ಕಾಡಂಚಿನ ಮನೆಯ ಜಗುಲಿಯಲ್ಲಿ ದೊಡ್ಡಮಾದಮ್ಮ ನಾಯಿ ಕರಿಯನಿಗೆ ಮುದ್ದೆ ಮುರಿದು ಹಾಕುತ್ತಿದ್ದಳು. ಬೆದೆಗೆ ಬಂದ ಹೆಣ್ಣುನಾಯಿಯ ಹಿಂದೆ ಹೋದವನು ಎರಡು ದಿನಗಳ ಮೇಲೆ, ಕಿವಿ ಹರಿದುಕೊಂಡು ಮರಳಿದ್ದ. ಕೊರಳಲ್ಲಿ ಮಾದಪ್ಪನ ಹರಕೆಯ ಗಂಟೆಯಿತ್ತು. ಎರಡು ವರ್ಷಗಳ ಹಿಂದೆ ಅಂಥದೇ ಗಂಟೆ ಕಟ್ಟಿದ್ದ ಕೆಂಚನೆಂಬ ನಾಯಿ ಹೀಗೆಯೇ ಹೋಗಿ ಚಿರತೆಯ ಪಾಲಾದಾಗ, ಮಾದಪ್ಪನೇ ತನ್ನ ಕಾಣಿಕೆಯನ್ನು ಒಯ್ದನೆಂದು ಆಕೆ ಕೈಮುಗಿದಿದ್ದಳು.

“ಅತ್ತೆ, ಇವನ್ಗೆ ಆಪ್ರೇಶನ್ ಮಾಡ್ಸ್‌ಬುಡನ,” ಎಂದಳು ಸೊಸೆ ಪವಿತ್ರ. “ಅಲೆಯೋದಾದ್ರೂ ತಪ್ಪುತ್ತೆ.”

“ಅರಕೆ ನಾಯಿಗೆ ಊನ ಮಾಡ್ಸದಾ? ನಿನ್ ಗಂಡ್ನೂ ಊರೂರು ಸುತ್ತಾನೆ, ಅವನ್ಗೂ ಮಾಡ್ಸೀಯೇನಮ್ಮಿ?”

“ಅವ್ರು ಬಸ್ ಓಡ್ಸೋರು. ಚಿರತೆ ಟಿಕೆಟ್ ತಗೊಂಡು ಬಸ್ ಅತ್ತಲ್ಲ ಬುಡಿ.”

ನಗು ಮುಗಿಯುವ ಮುನ್ನವೇ ಬೇಲಿಯಾಚೆಯ ಲಂಟಾನ ಪೊದೆಯಲ್ಲಿ ಗಂಟೆ ನುಡಿಯಿತು. ಮುಸ್ಸಂಜೆ, ಎಲೆಯೊಂದೂ ಅಲುಗುತ್ತಿರಲಿಲ್ಲ.

“ಕರಿಯಾ! ಬಾ ಮಗ!” ಎಂದು ಕೂಗಿ, ದೊಡ್ಡಮಾದಮ್ಮ ಕೆಳಗೆ ನೋಡಿದಳು. ಕರಿಯ ಆಕೆಯ ಕಾಲ ಬಳಿಯಲ್ಲೇ ಇದ್ದ. ಬೆನ್ನಿನ ಕೂದಲು ನಿಮಿರಿತ್ತು. ಅವನ ಗಂಟೆ ಮೌನವಾಗಿತ್ತು. ಪೊದೆಯೊಳಗಿನದು ಮತ್ತೊಮ್ಮೆ ನುಡಿದು ನಿಂತಿತು.

ಬೆಳಗಾದ ಮೇಲೆ ಇಬ್ಬರೂ ಹೋಗಿ ನೋಡಿದರು. ಮುಳ್ಳುಕೊಂಬೆಯಲ್ಲಿ ಕೆಂಚನ ಕೊರಳಪಟ್ಟಿ ಗಂಟೆಸಹಿತ ಸಿಕ್ಕಿಕೊಂಡಿತ್ತು. ಕೆಳಗೆ, ತೇವ ಮಣ್ಣಿನಲ್ಲಿ, ಚಿರತೆಯ ಹೊಸ ಹೆಜ್ಜೆಗಳಿದ್ದವು.

ದೊಡ್ಡಮಾದಮ್ಮ ಪಟ್ಟಿಯ ಮೇಲಿದ್ದ ಹಲ್ಲಿನ ಗುರುತುಗಳನ್ನು ಬೆರಳಿನಿಂದ ಸವರಿದಳು. “ಮಾದಪ್ಪ ಒಯ್ದಿದ್ರೆ ತನ್ ಗಂಟೆನ ಮುಳ್ಳಲ್ಲಿ ಬುಟ್ಟೋಯ್ತಿದ್ನಾ?”

ಅಂದೇ ಅವರು ಕರಿಯನನ್ನು ಚಾಮರಾಜನಗರದ ಪಶುವೈದ್ಯ ಸುಧಾಕರ್ ಅವರಲ್ಲಿಗೆ ಕರೆದೊಯ್ದರು.

“ಮುಚ್ಚಿಡಲ್ಲ ಅಜ್ಜಿ,” ಎಂದರು ವೈದ್ಯರು. “ಅರಿವಳಿಕೆ ಕೊಡೋದ್ರಲ್ಲಿ ಅಪಾಯ ಸ್ವಲ್ಪ ಇದ್ದೇ ಇದೆ. ಆಮೇಲೆ ಮೈ ಬರುತ್ತೆ, ಊಟ ಅಳತೆ ಮಾಡಿ ಹಾಕಬೇಕು. ಅಲೆಯೋದು ಒಂದೇ ದಿನಕ್ಕೆ ನಿಲ್ಲಲ್ಲ, ಮೆಲ್ಲಗೆ ತಗ್ಗುತ್ತೆ. ಬೀಜದಲ್ಲಿ ಗಡ್ಡೆಯಾಗೋ ಭಯ ಇರಲ್ಲ.”

“ಕಾವ್ಲು ಬುಟ್‌ಬುಟ್ಟಾನಾ?”

“ಇಲ್ಲ. ಬೊಗಳೋದಕ್ಕೂ ಅದಕ್ಕೂ ನಂಟಿಲ್ಲ.”

ದೊಡ್ಡಮಾದಮ್ಮ ಕರಿಯನ ಕೊರಳಿನ ಗಂಟೆಯನ್ನು ತಾನೇ ಬಿಚ್ಚಿದಳು. “ಊನ ಅಂದ್ರೆ ಆ ಪಾಪ ನಂಗಿರ್ಲಿ, ಮಾದಪ್ಪ. ಜೀವ ಇವನ್ಗಿರ್ಲಿ.” ಶಸ್ತ್ರಚಿಕಿತ್ಸೆ ಮುಗಿಸಿ ಮರಳಿದ ಮೇಲೆ ಎರಡು ಗಂಟೆಗಳೂ ಮನೆಯ ದೇವರ ಗೂಡನ್ನು ಸೇರಿದವು.

ಮೂರು ತಿಂಗಳ ಬಳಿಕ ಒಂದು ಸಂಜೆ ಬೇಲಿಯಾಚೆ ಹೆಣ್ಣುನಾಯಿಯೊಂದು ಊಳಿಟ್ಟಿತು. ಕರಿಯ ಕಿವಿ ನಿಮಿರಿಸಿದ. ತುಸು ಆಲಿಸಿ, ಮತ್ತೆ ದೊಡ್ಡಮಾದಮ್ಮನ ಪಾದದ ಮೇಲೆ ತಲೆಯಿಟ್ಟ. ಅದೇ ಗಳಿಗೆಯಲ್ಲಿ ಗೂಡಿನೊಳಗೆ ಗಂಟೆಯೊಂದು, ಯಾರೂ ಮುಟ್ಟದೆ, ಸಣ್ಣಗೆ ನುಡಿಯಿತು.

ಪವಿತ್ರ ಬೆಚ್ಚಿದಳು. ಅತ್ತೆ ತಿರುಗಿಯೂ ನೋಡದೆ, “ಬಂದ್ಯಾ ಕೆಂಚ? ಒಳ್ಗೇ ಇರು ಮಗ,” ಎಂದಳು.

ಇದನ್ನು ಆಲಿಸಿದವರ ಮನೆಗಳಿಗೂ, ಅಲ್ಲಿನ ಹೊಸ್ತಿಲು ಕಾಯುವ ಜೀವಗಳಿಗೂ ಶಿವನು ಕ್ಷೇಮವನ್ನೀಯಲಿ.