ನೋವಾಗದ ಸೂಜಿ

ನನ್ನ ಗಂಡ ಕದ್ದು ಸಿಹಿ ತಿನ್ನುತ್ತಾರೆ ಅಂತ ನನಗೆ ಮೊದಲು ಹೇಳಿದ್ದು ಇರುವೆಗಳು. ಬಚ್ಚಲಲ್ಲಿ ಅವರು ಒಂದಕ್ಕೆ ಹೋಗಿ ಬಂದ ಜಾಗಕ್ಕೆ ಸಾಲುಗಟ್ಟಿ ಬರುತ್ತಿದ್ದವು. ಸಕ್ಕರೆ ಕಾಯಿಲೆ ಅಂತ ಗೊತ್ತಾಗಿ ಎರಡು ವರ್ಷ, ಗುಳಿಗೆ ಸಾಲದೆ ಇನ್ಸುಲಿನ್ ಶುರುವಾಗಿ ಎರಡು ತಿಂಗಳು ಆಗಿತ್ತು. ದಿನಾ ಚುಚ್ಚಿಕೊಳ್ಳುವ ಮನುಷ್ಯನ ಹಿಂದೆ ಇರುವೆ ಯಾಕೆ ಬರಬೇಕು?

ಅವರ ಹೆಸರು ಜುಮಾದಿ. ನಾನು ಅವರನ್ನು 'ಪಾಕ್', ಅಂದರೆ ಅಪ್ಪ ಅನ್ನುತ್ತೇನೆ, ಅವರಿಗೆ ನಾನು 'ಬು', ಅಮ್ಮ; ಊರವರೂ ಹಾಗೇ ಕರೆಯುತ್ತಾರೆ. ಜಾವಾದಲ್ಲಿ ಮಕ್ಕಳಾದ ಮೇಲೆ ಗಂಡಹೆಂಡಿರ ಹೆಸರು ಮರೆತೇ ಹೋಗುತ್ತದೆ. ಮೂವತ್ತೊಂದು ವರ್ಷ ನಮ್ಮ ಸುಂಬರ್‌ವಾರು ಹಳ್ಳಿಯ ರೈಲ್ವೆ ಗೇಟು ಕಾದವರು. ಕಾಗದದಲ್ಲಿ ಏನಿದೆಯೋ ಅದು, ಒಂದಕ್ಷರ ಆಚೆ ಇಲ್ಲ, ಈಚೆ ಇಲ್ಲ. ಅಂಥವರು ಸುಳ್ಳು ಹೇಳುತ್ತಾರೆ ಅಂತ ಮನಸ್ಸು ಒಪ್ಪುತ್ತಿರಲಿಲ್ಲ. ಆದರೆ ನಾಲಗೆಯ ಚಪಲ ಯಾರನ್ನು ಬಿಟ್ಟಿದೆ? ನಮ್ಮ ಕಡೆ ಹಲಸಿನಕಾಯಿ ಗುಡೆಗ್ ಮಾಡಿದರೂ ತಾಳೆಬೆಲ್ಲ ಸುರಿಯಬೇಕು, ಚಹಾ ಅಂದರೆ ಪಾನಕ. ಅರವತ್ತು ವರ್ಷ ಹಾಗೆ ತಿಂದು ಕುಡಿದ ಬಾಯಿ.

ತಿಂಗಳಿಗೊಮ್ಮೆ ಆರೋಗ್ಯ ಕೇಂದ್ರದಲ್ಲಿ ಸಕ್ಕರೆಯವರ ಸಭೆ. ಮೊದಲು ಕೈಕಾಲು ಆಡಿಸುವ ವ್ಯಾಯಾಮ, ಆಮೇಲೆ ಗೋಡೆಯ ಮೇಲೆ ಚಿತ್ರ. ಕೆಂಪು ಮಾಂಸದ ಯಾವುದೋ ವಿದೇಶಿ ಮೀನು, ನಾವು ಹೆಸರೇ ಕೇಳದ ಸೊಪ್ಪು, ಕಂದು ಬ್ರೆಡ್ಡು. ಅದನ್ನೆಲ್ಲ ಓದಿ ಹೇಳಿ, ಹೊರಡುವಾಗ ಕೈಗೆ ತಿಂಡಿ ಡಬ್ಬಿ ಕೊಡುತ್ತಿದ್ದರು. ತೆಗೆದರೆ ಒಳಗೆ ಬೆಲ್ಲ ತುಂಬಿದ ಕಡುಬು, ಸಿಹಿ ಚಹಾದ ಲೋಟ. ಇವರೇ ರೋಗ ಕೊಟ್ಟು ಇವರೇ ಔಷಧಿ ಕೊಡೋರು ಅಂತ ನನಗೆ ಆಗಿನಿಂದಲೇ ಗುಮಾನಿ.

ಆ ಸಭೆಯಲ್ಲಿ ಬೆರಳು ಚುಚ್ಚಿ ನೋಡಿದರೆ ಪಾಕ್‌ಗೆ ಮುನ್ನೂರ ಎಂಬತ್ತು. ಮುಂದಿನ ತಿಂಗಳು ನಾನೂರ ಹತ್ತು. ಅಲ್ಲಿದ್ದ ಹಿರಿಯ ಸಿಸ್ಟರ್ ಎಲ್ಲರಿಗೂ ಕೇಳುವ ಹಾಗೆ ಅಂದರು: "ಏನ್ ಪಾಕ್, ಔಷಧಿ ಒಂದ್ ಕಡೆ, ಬಾಯಿ ಒಂದ್ ಕಡೆನಾ?"

"ನಾನು ಏನೂ ತಿಂದಿಲ್ಲ ಸಿಸ್ಟರ್."

"ಎಲ್ರೂ ಹೀಗೇ ಹೇಳೋದು. ಮಿಷನ್ ಸುಳ್ಳು ಹೇಳಲ್ಲ." ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ 'ಪಥ್ಯ ಮಾಡುವುದಿಲ್ಲ' ಅಂತ ಬರೆದರು. ಪಟ್ಟಣದ ಆಸ್ಪತ್ರೆಯ ಡಾಕ್ಟರು ಆ ಕೆಂಪು ಅಕ್ಷರ ನೋಡಿ, ಪಾಕ್ ಮುಖ ನೋಡದೆ, ಹತ್ತು ಯೂನಿಟ್ಟಿದ್ದ ಮದ್ದನ್ನು ಹದಿನಾರು ಮಾಡಿದರು. ಆಮೇಲೆ ಇಪ್ಪತ್ತೆರಡು. ಕೊನೆಗೆ ಇಪ್ಪತ್ತೆಂಟು.

ನಾನು ಮನೆಯಲ್ಲಿ ಪೊಲೀಸಾದೆ. ಡಬ್ಬಿಯ ಸಕ್ಕರೆಯನ್ನು ಸಮ ಮಾಡಿ ಬೆರಳಿನಿಂದ ಗೆರೆ ಎಳೆದಿಡುತ್ತಿದ್ದೆ. ಅಂಗಿ ಜೇಬು ತಡಕುತ್ತಿದ್ದೆ. ಹೊರಗಿಂದ ಬಂದರೆ ಬಾಯಿ ಮೂಸುತ್ತಿದ್ದೆ.

"ಆ ಅನ್ನಿ."

"ಅಯ್ಯೋ, ಏನ್ ಬು ಇದು, ನಾನೇನು ಹಸುಗೂಸಾ?"

"ಹಸುಗೂಸಾದ್ರೆ ಹೇಳಿದ ಮಾತು ಕೇಳ್ತಿತ್ತು."

ಅವರು ಬಾಯಿ ತೆರೆಯುತ್ತಿದ್ದರು. ಮಾಗಿದ ಹಣ್ಣಿನಂಥ ಒಂದು ಸಿಹಿ ವಾಸನೆ ಬರುತ್ತಿತ್ತು. ಇನ್ನೇನು ಸಾಕ್ಷಿ ಬೇಕು ನನಗೆ? ಸಕ್ಕರೆ ಮಿತಿಮೀರಿದವರ ಉಸಿರೇ ಹಾಗಿರುತ್ತದೆ ಅಂತ ಆಗ ನನಗೆ ಯಾರೂ ಹೇಳಿರಲಿಲ್ಲ.

ಆಮೇಲೆ ಇನ್ನೊಂದು ಸಿಕ್ಕಿತು. ಬಟ್ಟೆ ಒಗೆಯುವಾಗ ಅವರ ಸರೋಂಗಿನ ಸೊಂಟದ ಹತ್ತಿರ ಅಂಗೈಯಷ್ಟು ಜಾಗದಲ್ಲಿ ಆಸ್ಪತ್ರೆ ವಾಸನೆ. ಮೂರು ದಿನ ನೋಡಿದೆ, ಮೂರು ದಿನವೂ ಅದೇ ಜಾಗ, ಅದೇ ವಾಸನೆ. ಸಿಹಿ ತಿನ್ನುವುದಷ್ಟೇ ಅಲ್ಲ, ಮದ್ದನ್ನೂ ಚೆಲ್ಲುತ್ತಿದ್ದಾರೆ! ಚುಚ್ಚಿಕೊಂಡ ಹಾಗೆ ನಟಿಸಿ ಬಟ್ಟೆಗೆ ಬಿಡುತ್ತಿದ್ದಾರೆ!

ಅವತ್ತು ಸಂಜೆ ಅವರು ಎಂದಿನಂತೆ ನಾಲ್ಕು ಗಂಟೆಗೆ ಹೊರಟಾಗ ನಾನೂ ಹಿಂದೆಯೇ ಹೋದೆ. ಗೇಟಿನ ಪಕ್ಕ ಸಾರ್ಮಿಯ ದಾವೆತ್ ಅಂಗಡಿ ಇದೆ. ತೆಂಗಿನಹಾಲು, ಬೆಲ್ಲದ ಪಾಕ, ಮೇಲೆ ಹಸಿರು ಶಾವಿಗೆ. ಇಡೀ ಊರಿಗೆ ಅದರ ಹುಚ್ಚು. ಬಾಳೆಗಿಡದ ಮರೆಯಲ್ಲಿ ನಿಂತು ನೋಡಿದೆ. ಪಾಕ್ ಬೆಂಚಿನ ಮೇಲೆ ಕುಳಿತರು, ಸಾರ್ಮಿ ಒಂದು ಗಾಜಿನ ಲೋಟ ತಂದಿಟ್ಟಳು, ಅವರು ರೈಲು ನೋಡುತ್ತಾ ಗುಟುಕು ಗುಟುಕಾಗಿ ಕುಡಿದರು. ಅವರು ಎದ್ದು ಹೋಗುವವರೆಗೂ ಕಾದು, ಹೋಗಿ ಸಾರ್ಮಿಯನ್ನು ಹಿಡಿದೆ.

"ಎಷ್ಟು ದಿನದಿಂದ ಕುಡಿಸ್ತಿದ್ದೀಯೇ?"

"ಏನನ್ನ? ಬಿಸಿನೀರನ್ನಾ?" ಅಂದಳು. "ನಾಲ್ಕು ತಿಂಗಳಾಯ್ತು ಅಕ್ಕಾ, ಒಂದು ಹನಿ ದಾವೆತ್ ಮುಟ್ಟಿಲ್ಲ ಆ ಮನುಷ್ಯ. ಕೊಟ್ರೆ, 'ಬೇಡಮ್ಮ, ಮನೇಲಿ ಬಾಯಿ ಮೂಸ್ತಾರೆ' ಅಂದ್ರು. ನಗಬೇಕೋ ಅಳಬೇಕೋ ಗೊತ್ತಾಗ್ಲಿಲ್ಲ ನಂಗೆ."

ನಾಚಿಕೆಯಾಯಿತು. ಆದರೆ ಮನೆ ಸೇರುವಷ್ಟರಲ್ಲಿ ಆ ನಾಚಿಕೆಯೂ ಉಳಿಯಲಿಲ್ಲ. ಗಿರಾಕಿಯ ಪರವಾಗಿ ಅಂಗಡಿಯವಳು ಸುಳ್ಳು ಹೇಳದೆ ಇರುತ್ತಾಳೆಯೇ?

ಮರುದಿನ ಬೆಳಿಗ್ಗೆ ತಿಂಡಿಗೆ ಮೊದಲು ಅವರ ಎದುರೇ ಕುಳಿತೆ. "ನನ್ ಕಣ್ಮುಂದೆ ಚುಚ್ಕೊಳ್ಳಿ."

ಅವರು ನನ್ನನ್ನು ಒಂದು ಕ್ಷಣ ನೋಡಿದರು. ಮದ್ದಿನ ಪೆನ್ನು ತೆಗೆದರು, ತುದಿಗೆ ಹೊಸ ಸೂಜಿ ತಿರುಗಿಸಿ ಕೂರಿಸಿದರು, ಮುಚ್ಚಳ ತೆಗೆದರು, ಅಂಕಿ ಇಪ್ಪತ್ತೆಂಟಕ್ಕೆ ತಂದರು, ಹೊಟ್ಟೆಗೆ ಒತ್ತಿದರು. ಗುಂಡಿ ಅದುಮಿ, ರೈಲು ದಾಟುವುದನ್ನು ಕಾಯುವವರ ಹಾಗೆ ನಿಧಾನಕ್ಕೆ ಹತ್ತು ಎಣಿಸಿದರು.

"ನೋಯ್ತಾ?"

"ಒಂಚೂರೂ ಇಲ್ಲ. ಇದು ತುಂಬಾ ಸಣ್ಣ ಸೂಜಿ, ನೋವೇ ಆಗಲ್ಲ ಅಂತ ಆಸ್ಪತ್ರೇಲಿ ಮೊದಲೇ ಹೇಳಿದ್ರು."

ಏಳು ದಿನ ಹೀಗೇ ಕಾವಲು ಕುಳಿತೆ. ಮೂರು ಹೊತ್ತೂ ನಾನೇ ಬಡಿಸಿದೆ, ಸಂಜೆ ಹೊರಗೆ ಬಿಡಲಿಲ್ಲ. ಎಂಟನೆಯ ದಿನ ಔಷಧಿ ಅಂಗಡಿಯಲ್ಲಿ ಬೆರಳು ಚುಚ್ಚಿಸಿ ನೋಡಿದರೆ ನಾನೂರ ಮೂವತ್ತು. ಅದೇ ವಾರ ಅವರ ಎಡಗಾಲಿನ ಎರಡನೆಯ ಬೆರಳು ಕಪ್ಪಿಟ್ಟಿದ್ದು ನನ್ನ ಕಣ್ಣಿಗೆ ಬಿತ್ತು. ಚಪ್ಪಲಿ ಕಚ್ಚಿದ ಗಾಯ. ಅವರಿಗೆ ನೋವು ಗೊತ್ತೇ ಆಗಿರಲಿಲ್ಲ.

ಈಗ ನನ್ನ ಗುಮಾನಿ ದಿಕ್ಕು ಬದಲಿಸಿತು. ಇವರು ತಪ್ಪು ಮಾಡಿಲ್ಲ ಅಂದರೆ ಮದ್ದೇ ನೀರು. ಯಾರೋ ಒಳ್ಳೆಯದನ್ನು ಹೊರಗೆ ಮಾರಿಕೊಂಡು ನಮಗೆ ನೀರು ತುಂಬಿ ಕೊಡುತ್ತಿದ್ದಾರೆ. ಪೆನ್ನು, ಸೂಜಿ ಎಲ್ಲ ಚೀಲಕ್ಕೆ ಹಾಕಿಕೊಂಡು, ಪಾಕ್ ಕೈ ಹಿಡಿದು ಆರೋಗ್ಯ ಕೇಂದ್ರಕ್ಕೆ ನುಗ್ಗಿದೆ. ಹಿರಿಯ ಸಿಸ್ಟರ್‌ಗೆ ವರ್ಗವಾಗಿತ್ತು. ಆ ಕುರ್ಚಿಯಲ್ಲಿ ವೆನಿಂಗ್ ಅನ್ನುವ ಹೊಸ ಸಿಸ್ಟರ್ ಕುಳಿತಿದ್ದಳು. ನನ್ನ ಮಗಳ ವಯಸ್ಸು.

"ಇದು ನೀರು. ಬೇಕಾದ್ರೆ ನೀವೇ ಚುಚ್ಕೊಂಡು ನೋಡಿ!" ಅಂತ ಪೆನ್ನನ್ನು ಮೇಜಿನ ಮೇಲೆ ಕುಕ್ಕಿದೆ.

ಅವಳು ಸಿಟ್ಟಾಗಲಿಲ್ಲ. ಪುಸ್ತಕ ತೆರೆದು ಕೆಂಪು ಅಕ್ಷರಗಳನ್ನೆಲ್ಲ ಓದಿದಳು. ಮೊದಲು ಕಾಲು ನೋಡಿದಳು. ಆಮೇಲೆ ಪಾಕ್ ಕಡೆ ತಿರುಗಿ, "ಪಾಕ್, ಮನೇಲಿ ಹೇಗೆ ಚುಚ್ಕೋತೀರೋ ಹಾಗೇ ನಂಗೆ ಒಂದ್ಸಲ ತೋರಿಸ್ತೀರಾ? ಹೊಟ್ಟೆಗೆ ಬೇಡ, ಈ ಸ್ಪಂಜಿಗೆ," ಅಂದಳು.

ಐದು ತಿಂಗಳಲ್ಲಿ ಯಾರೂ ಕೇಳದೆ ಇದ್ದ ಮಾತು ಅದು.

ಪಾಕ್ ಸೂಜಿ ಕೂರಿಸಿದರು, ಮುಚ್ಚಳ ತೆಗೆದರು, ಅಂಕಿ ತಿರುಗಿಸಿದರು, ಸ್ಪಂಜಿಗೆ ಒತ್ತಿ ಎಣಿಸತೊಡಗಿದರು. ನಾಲ್ಕು ಎಣಿಸುವಷ್ಟರಲ್ಲಿ ವೆನಿಂಗ್ ಅವರ ಕೈ ಹಿಡಿದಳು. ಪೆನ್ನಿನ ತುದಿಯಿಂದ ಮದ್ದು ತೊಟ್ಟಿಕ್ಕಿ ಸ್ಪಂಜಿನ ಮೇಲೆ ಹರಿದಿತ್ತು; ಸರೋಂಗಿನ ಅದೇ ವಾಸನೆ. ಅವಳು ಎರಡು ಬೆರಳಲ್ಲಿ ಆ ತುದಿಯನ್ನು ಹಿಡಿದು ಎಳೆದಳು. ನಾನು ಇಷ್ಟು ದಿನ ಸೂಜಿ ಅಂದುಕೊಂಡಿದ್ದು ಕಡ್ಡಿಯಂಥ ಇನ್ನೊಂದು ಮುಚ್ಚಳ. ಅದರ ಒಳಗೆ ಕೂದಲಿನಷ್ಟು ತೆಳ್ಳಗೆ ನಿಜವಾದ ಸೂಜಿ ಹೊಳೆಯುತ್ತಿತ್ತು.

"ಪಾಕ್," ಅಂದಳು ಮೆಲ್ಲಗೆ, "ನಿಮ್ಮ ಮೈಯೊಳಗೆ ಒಂದು ಹನಿ ಮದ್ದೂ ಹೋಗಿಲ್ಲ."

ಪಾಕ್ ಆ ಪುಟ್ಟ ಮುಚ್ಚಳವನ್ನು ಅಂಗೈಯಲ್ಲಿಟ್ಟುಕೊಂಡು ತುಂಬಾ ಹೊತ್ತು ನೋಡಿದರು. "ಮುಚ್ಚಳ ತೆಗೀರಿ ಅಂದ್ರು ಸಿಸ್ಟರ್. ತೆಗೆದೆ. ಎರಡು ಮುಚ್ಚಳ ಅನ್ನಲಿಲ್ಲ."

"ಯಾರು ಕಲಿಸಿದ್ದು?"

"ಆಸ್ಪತ್ರೆಯ ಮದ್ದಿನ ಕಿಟಕಿಯಲ್ಲಿದ್ದೋರು. ಕಿಟಕಿಯಾಚೆಯಿಂದಲೇ ಹೇಳಿದ್ರು. ಹಿಂದೆ ದೊಡ್ಡ ಸಾಲಿತ್ತು."

ವೆನಿಂಗ್ ಮದ್ದಿನ ಲೆಕ್ಕ ಇನ್ನೊಮ್ಮೆ ನೋಡಿ ಪೆನ್ನನ್ನು ಪಕ್ಕಕ್ಕೆ ಸರಿಸಿದಳು. "ಇಪ್ಪತ್ತೆಂಟು! ಬು, ಇವತ್ತು ಯಾರಾದ್ರೂ ಲೆಕ್ಕ ಇಳಿಸದೆ ಬರೀ ಈ ಮುಚ್ಚಳ ತೆಗೆಯೋದು ಹೇಳಿಕೊಟ್ಟು ಕಳಿಸಿದ್ದಿದ್ರೆ, ಸಕ್ಕರೆ ಪಾತಾಳಕ್ಕೆ ಇಳಿದು ಪಾಕ್ ಏಳ್ತಾನೇ ಇರಲಿಲ್ಲ." ಅಲ್ಲಿಂದಲೇ ಡಾಕ್ಟರಿಗೆ ಫೋನು ಮಾಡಿ ಹತ್ತಕ್ಕೆ ಇಳಿಸಿದಳು. ಬೆವರು, ನಡುಕ ಬಂದರೆ ಏನು ಮಾಡಬೇಕು ಅಂತ ಹೇಳಿದಳು. ಹೇಳಿ ಬಿಡಲಿಲ್ಲ; ನನ್ನಿಂದಲೇ ತಿರುಗಿ ಹೇಳಿಸಿದಳು. ನಾನು ಎರಡು ಸಲ ತಪ್ಪಿದೆ, ಮೂರನೆಯ ಸಲ ಸರಿ ಹೇಳಿದೆ.

ಆ ಕಾಲ್ಬೆರಳು ಉಳಿಯಲಿಲ್ಲ. ಕಾಲಾದರೂ ಉಳಿಯಿತಲ್ಲ ಅಂತ ಡಾಕ್ಟರು ಅಂದರು. ಎರಡು ತಿಂಗಳಲ್ಲಿ ಸಕ್ಕರೆ ನೂರ ಅರವತ್ತರ ಆಸುಪಾಸಿಗೆ ಬಂತು. ಮುಂದಿನ ಸಭೆಯಲ್ಲಿ ವೆನಿಂಗ್ ಗೋಡೆಯ ಚಿತ್ರಗಳನ್ನು ಬಿಟ್ಟು, ಚುಚ್ಚಿಕೊಳ್ಳುವ ಹನ್ನೊಂದು ಜನರ ಕೈಗೂ ಒಂದೊಂದು ಸ್ಪಂಜು ಕೊಟ್ಟಳು. ಇನ್ನಿಬ್ಬರು ಅದೇ ಮುಚ್ಚಳ ಬಿಟ್ಟಿದ್ದರು. ಒಬ್ಬಾಕೆ ಪೆನ್ನನ್ನು ಐಸ್ ಪೆಟ್ಟಿಗೆಯಲ್ಲಿ ಮೀನಿನ ಜೊತೆ ಇಟ್ಟು ಹೆಪ್ಪುಗಟ್ಟಿಸಿದ್ದಳು. ಮೂವರ ಪುಸ್ತಕದಲ್ಲೂ ಅದೇ ಕೆಂಪು ಬರಹ.

ಪಾಕ್ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರವಾಗುತ್ತಿತ್ತು. ಈದ್ ಹಬ್ಬದ ಬೆಳಿಗ್ಗೆ ನಮ್ಮಲ್ಲಿ ಹೆಂಡತಿ ಗಂಡನ ಮಂಡಿಗೆ ಹಣೆ ಹಚ್ಚಿ, ವರ್ಷದ ತಪ್ಪುಗಳಿಗೆಲ್ಲ ಕ್ಷಮೆ ಕೇಳುವುದು ವಾಡಿಕೆ. ಪ್ರತಿವರ್ಷ ಬಾಯಿಪಾಠದ ಮಾತು ಒಪ್ಪಿಸಿ ಎದ್ದುಬಿಡುತ್ತಿದ್ದೆ. ಈ ವರ್ಷ ಆ ಮಾತು ಬಿಟ್ಟು ನನ್ನದೇ ಮಾತಲ್ಲಿ ಹೇಳಿದೆ.

"ಪಾಕ್, ನಿಮ್ಮನ್ನ ಕಳ್ಳ ಅಂದ್ಕೊಂಡೆ. ಬಾಳೆಗಿಡದ ಹಿಂದೆ ನಿಂತು ನೋಡಿದೆ. ಬಾಯಿ ಮೂಸಿದೆ."

ಅವರು ನನ್ನ ತಲೆಯ ಮೇಲೆ ಕೈ ಇಟ್ಟರು. ಅಂದರು: "ನೀನು ಅನುಮಾನ ಪಟ್ಟಿದ್ದು ದೊಡ್ಡದಲ್ಲ ಬು. ನನಗೇ ನನ್ನ ಮೇಲೆ ಅನುಮಾನ ಬಂದಿತ್ತು. ಇಷ್ಟು ಜನ ಹೇಳ್ತಾರೆ ಅಂದ್ಮೇಲೆ ನಿದ್ದೆಗಣ್ಣಲ್ಲಿ ಎದ್ದು ಏನಾದ್ರೂ ತಿಂತಿದ್ದೀನೇನೋ ಅಂತ. ಒಂದು ತಿಂಗಳು ಮಲಗೋವಾಗ ಕಾಲಿಗೂ ಮಂಚಕ್ಕೂ ದಾರ ಕಟ್ಕೊಂಡಿದ್ದೆ. ಬೆಳಿಗ್ಗೆ ನೀನು ಏಳೋ ಮುಂಚೆ ಬಿಚ್ತಿದ್ದೆ."

"ದಾರ ಹರಿದಿತ್ತಾ?" ಬಾಯಿ ತಪ್ಪಿ ಕೇಳಿಬಿಟ್ಟೆ.

ಅವರು ನಕ್ಕರು. ತುಂಬಾ ದಿನಗಳ ಮೇಲೆ ಹೊಟ್ಟೆ ಕುಲುಕುವ ಹಾಗೆ ನಕ್ಕರು. "ಇಲ್ಲ ಮಾರಾಯ್ತಿ, ಒಂದು ದಿನವೂ ಹರಿದಿರಲಿಲ್ಲ."

ನಾನು ಅವರ ಮಂಡಿಯ ಮೇಲಿಂದ ಮುಖ ಎತ್ತಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯವರು ಹಬ್ಬದ ಬಟ್ಟೆ ತೊಟ್ಟು ಬಾಗಿಲಿಗೆ ಬಂದು ಸಲಾಂ ಹೇಳಿದರು. ಪಾಕ್, "ಬನ್ನಿ, ಒಳಗೆ ಬನ್ನಿ," ಅಂತ ಕೂಗಿದರು. ಕೈ ಮಾತ್ರ ನನ್ನ ತಲೆಯ ಮೇಲೇ ಇತ್ತು.