ಅಕ್ಕನ ಮನೆಗೆ ಹೋದ ಕಾಗದ

ಕೋರ್ಟಿನ ದಾಖಲೆ ಕೋಣೆಯೊಳಗೆ ಪೆನ್ನು ಬಿಡುವುದಿಲ್ಲ. ಹಳೇ ಕಾಗದದ ಮೇಲೆ ಯಾರಾದರೂ ಗೀಚಿಬಿಟ್ಟಾರೆಂದು ಪೆನ್ಸಿಲ್ ಮಾತ್ರ ಬಿಡುತ್ತಾರೆ. ಹನ್ನೊಂದು ವರ್ಷದಿಂದ ಪ್ರತಿ ಸೋಮವಾರ ಕಿವಿಗೊಂದು ಪೆನ್ಸಿಲ್ ಸಿಕ್ಕಿಸಿಕೊಂಡು ಹಾಜರಾಗುತ್ತಿದ್ದ ಇವನಿಗೆ ಅಲ್ಲಿನ ಗುಮಾಸ್ತರು ಇಟ್ಟ ಹೆಸರೂ ಪೆನ್ಸಿಲ್ ಎಂದೇ. ವಯಸ್ಸು ನಲವತ್ತೆರಡು, ತಲೆ ಮುಕ್ಕಾಲು ಬೋಳು, ಆದರೂ ಪೆನ್ಸಿಲ್.

ಕೆಲಸವೇನೋ ನಾಲ್ಕು ಜನರೆದುರು ಹೇಳಿಕೊಳ್ಳುವಂಥದ್ದಲ್ಲ. ಗಂಡ ಹೆಂಡತಿ ಬೇರೆಯಾಗುವ ದಾವೆ, ಅಣ್ಣತಮ್ಮಂದಿರ ಪಾಲಿನ ದಾವೆ, ಇವೆಲ್ಲ ಅರ್ಜಿ ಕೊಟ್ಟರೆ ನೋಡಲು ಸಿಗುವ ಕಾಗದ. ಜಗಳವಿರುವ ಮನೆ ಬೇಗ ಮಾರಾಟಕ್ಕೆ ಬರುತ್ತದೆ, ಅಗ್ಗಕ್ಕೂ ಬರುತ್ತದೆ. ಬೇರೆ ದಲ್ಲಾಳಿಗಳು ಮೂಸುವ ಮೊದಲೇ ಇವನು ಮೂಸಬೇಕು. ಇವನಿಗೆ ಸಂಬಳ ಕೊಡುವ ಯಜಮಾನರು ಅಂಥ ಮನೆ ಕೊಂಡು, ಸುಣ್ಣಬಣ್ಣ ಬಳಿದು, ಮಾರುತ್ತಾರೆ. ನೆಂಟರಿಷ್ಟರಿಗೆ ಮಾತ್ರ ಇವನು ‘ಕೋರ್ಟಿನಲ್ಲಿ ಕೆಲಸ’ ಎಂದಷ್ಟೇ ಹೇಳಿದ್ದ. ಸುಳ್ಳೇನಲ್ಲವಲ್ಲ!

ಅವನದೊಂದು ಪದ್ಧತಿಯಿತ್ತು. ಫೈಲಿನಲ್ಲಿ ಹೆಸರು ಓದುತ್ತಿರಲಿಲ್ಲ. ಮೊದಲ ಹಾಳೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಸೀದಾ ಕೊನೆಗೆ ಹೋಗಿ, ಆಸ್ತಿಯ ಪಟ್ಟಿಯಿಂದ ಮನೆಯ ಖಾತೆ ನಂಬರನ್ನಷ್ಟೇ ಬರೆದುಕೊಳ್ಳುತ್ತಿದ್ದ. ಹೆಸರು ಓದಿದರೆ ಒಂದು ಮುಖ ಕಣ್ಣಿಗೆ ಕಟ್ಟುತ್ತದೆ, ಮುಖ ಕಣ್ಣಿಗೆ ಕಟ್ಟಿದರೆ ಮಧ್ಯಾಹ್ನದ ಊಟ ಗಂಟಲಲ್ಲಿ ಇಳಿಯುವುದಿಲ್ಲ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ, ಇನ್ನೇನು. ಆಫೀಸಿನ ಟೈಪಿಸ್ಟ್ ಆ ನಂಬರಿನಿಂದ ವಿಳಾಸ ಹುಡುಕಿ, ಮೇಲೆ ‘ಮನೆಯವರಿಗೆ’ ಎಂದು ಬಡಿದು, ಮನೆ ಮಾರುವಿರಾ ಎಂದು ಕೇಳುವ ಒಂದು ಕಾಗದವನ್ನೂ ಒಂದು ಉತ್ತರದ ಕಾರ್ಡನ್ನೂ ಅಂಚೆಗೆ ಹಾಕುತ್ತಿದ್ದಳು. ಕಾಗದದ ಒಕ್ಕಣೆ ಪೆನ್ಸಿಲನದೇ. ಅದರ ಮೊದಲ ಸಾಲಿಗೆ ಜನ ಕರಗಿಹೋಗುತ್ತಾರೆಂದು ಯಜಮಾನರು ಬೆನ್ನು ತಟ್ಟಿದ್ದರು.

ಆ ಗುರುವಾರ ಒಂದು ಕಾರ್ಡು ವಾಪಸು ಬಂತು. ‘ಶನಿವಾರ ನಾಲ್ಕಕ್ಕೆ ಬನ್ನಿ. ಮನೆ ಕೊಡುತ್ತೇನೆ. ಅಕ್ಕಪಕ್ಕದವರಿಗೆ ಗೊತ್ತಾಗದ ಹಾಗೆ ಬನ್ನಿ.’ ಸಹಿ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ಮುಂದಕ್ಕೆ ವಾಲಿದ ಆ ಅಕ್ಷರ ಅವನಿಗೆ ಚೆನ್ನಾಗಿ ಗೊತ್ತಿತ್ತು. ಕೈ ಹಿಡಿದು ಅವನಿಗೆ ಬರೆಯಲು ಕಲಿಸಿದವಳ ಅಕ್ಷರ ಅದು. ಕೆಳಗಿದ್ದ ವಿಳಾಸ ಅವನ ಅಕ್ಕನ ಮನೆಯದು.

ಎರಡು ದಿನ ಅನ್ನ ರುಚಿಸಲಿಲ್ಲ. ಅಕ್ಕನಿಗೆ ಮೂರು ಸಲ ಫೋನ್ ಹಚ್ಚಿ, ಮೂರು ಸಲವೂ ರಿಂಗಾಗುವ ಮೊದಲೇ ಕಟ್ ಮಾಡಿದ. ಇವನು ಹೋಗದಿದ್ದರೆ ಯಜಮಾನರು ಬೇರೆಯವನನ್ನು ಕಳಿಸುತ್ತಾರೆ, ಅಕ್ಕ ಸಹಿ ಹಾಕಿಬಿಡುತ್ತಾಳೆ, ಅಲ್ಲಿಗೆ ಮನೆ ಕೈತಪ್ಪಿದಂತೆಯೇ. ಶನಿವಾರ ನಾಲ್ಕಕ್ಕೆ ಹತ್ತು ನಿಮಿಷವಿರುವಾಗ, ಕರಾರು ಪತ್ರವಿದ್ದ ಚೀಲ ಹಿಡಿದು ಅಕ್ಕನ ಬಾಗಿಲು ತಟ್ಟಿದ.

ಅಕ್ಕ ಬಾಗಿಲು ಅರ್ಧ ತೆಗೆದಳು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಉಜ್ಜಿ ಸವೆದ ಬೆರಳುಗಳು ಬಾಗಿಲಂಚಿನಲ್ಲೇ ನಿಂತವು.

“ಅಯ್ಯೋ ಪುಟ್ಟು! ಇವತ್ತೇ ಬರ್ಬೇಕಿತ್ತೇನೋ?”

“ಯಾಕಕ್ಕ?”

“ಏನಿಲ್ಲ, ಗ್ಯಾಸ್ ರಿಪೇರಿಯವನು ಬರ್ತಾನೆ. ನಿನ್ನ ಭಾವನೂ ಮಲಗಿದಾರೆ. ನಾಳೆ ಬಾ, ಆರಾಮಾಗಿ ಮಾತಾಡೋಣ.”

ಭಾವನ ಚಪ್ಪಲಿ ಇರಬೇಕಾದ ಜಾಗದಲ್ಲಿ ಒಂದು ಹೂಕುಂಡವಿತ್ತು. ಒಳಗೆ ಮೇಜಿನ ಮೇಲೆ ಎರಡು ಕಾಫಿ ಕಪ್ಪು ಬೋರಲು ಹಾಕಿತ್ತು, ಪಕ್ಕದಲ್ಲಿ ಮನೆ ಪತ್ರಗಳ ಕಟ್ಟು. ಅಕ್ಕ ಗಡಿಯಾರ ನೋಡುತ್ತ, ಚಿಕ್ಕಂದಿನಲ್ಲಿ ಸ್ಕೂಲಿಗೆ ದಬ್ಬುತ್ತಿದ್ದ ಹಾಗೆಯೇ ಅವನ ಹೆಗಲು ಹಿಡಿದು ಹೊರಗೆ ದಬ್ಬಿದಳು.

“ಅಕ್ಕ, ಗ್ಯಾಸಿನವನು ಬರಲ್ಲ. ನಾಲ್ಕು ಗಂಟೆಗೆ ಬರ್ಬೇಕಾದವನು ನಾನೇ,” ಎಂದು ಕಾರ್ಡನ್ನು ಅವಳ ಕೈಗಿಟ್ಟ.

ಅಕ್ಕ ಕಾರ್ಡು ನೋಡಿದಳು, ತಮ್ಮನನ್ನು ನೋಡಿದಳು, ಅವನನ್ನು ಒಳಗೆ ಬಿಟ್ಟು ಕುರ್ಚಿಯಲ್ಲಿ ಕುಸಿದಳು.

“ಕೋರ್ಟಲ್ಲಿ ಕೆಲಸ ಅಂದಿದ್ಯಲ್ಲೋ.”

“ಕೋರ್ಟಲ್ಲೇ ಅಕ್ಕ. ಇದೇ ಕೆಲಸ.”

“ನೀನೆಲ್ಲಿ ನೋಡ್ಬಿಡ್ತೀಯೋ ಅಂತ ಕೋರ್ಟಿನ ಒಳಗೂ ಛತ್ರಿ ಬಿಚ್ಕೊಂಡು ಓಡಾಡಿದೀನಿ ಕಣೋ! ಕಾವಲಿನವನು ಬೈದ, ಇಲ್ಲೂ ಮಳೆ ಬರುತ್ತೇನಮ್ಮ ಅಂತ.”

ಇಬ್ಬರಿಗೂ ನಗು ಬಂತು. ನಗುತ್ತ ನಗುತ್ತಲೇ ಅಕ್ಕ ಅಳತೊಡಗಿದಳು. ಭಾವ ಬಿಟ್ಟುಹೋಗಿ ಎಂಟು ತಿಂಗಳಾಗಿತ್ತಂತೆ. ಮನೆ ಮಾರಿ ಅರ್ಧ ಕೊಡು ಅಂತ ಅವರ ಪಟ್ಟು. ಇವಳು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಎಂಟು ತಿಂಗಳಿನಿಂದ ತಾನು ಒಮ್ಮೆಯೂ ಈ ಕಡೆ ತಲೆ ಹಾಕಿರಲಿಲ್ಲವಲ್ಲ ಎಂದು ಪೆನ್ಸಿಲನಿಗೆ ಆಗ ಹೊಳೆಯಿತು.

“ನನ್ನ ಹೆಸರು ನೋಡಿಯೂ ಕಾಗದ ಕಳಿಸಿದ್ಯಾ ಪುಟ್ಟು?”

“ಹೆಸರು ಓದಲ್ಲ ಅಕ್ಕ. ಕೈಯಲ್ಲಿ ಮುಚ್ಕೊಳ್ತೀನಿ.”

“ಯಾಕೆ?”

“ಓದಿದ್ರೆ ಕಳಿಸೋಕಾಗಲ್ಲ.”

ಅಕ್ಕ ಪತ್ರಗಳ ಕಟ್ಟಿನಡಿಯಿಂದ ಆ ಕಾಗದ ತೆಗೆದಳು. “ನಾಲ್ಕು ಸಲ ಓದಿದೀನಿ ಇದನ್ನ. ‘ಹೇಗಿದ್ದೀರಿ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀರಾ?’ ಎಂಟು ತಿಂಗಳಲ್ಲಿ ನನ್ನನ್ನ ಹಾಗೆ ಕೇಳಿದ್ದು ಇದೊಂದೇ ಕಣೋ. ಇಂಥ ಒಳ್ಳೆಯವರಿಗೆ ಕೊಟ್ಟು ಎಲ್ಲಾದ್ರೂ ಹೋಗ್ಬಿಡೋಣ ಅನ್ನಿಸ್ತು.”

ಪೆನ್ಸಿಲನಿಗೆ ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತು. “ಅದು ನಿನ್ನ ಮಾತೇ ಅಕ್ಕ. ನಾನು ಹಾಸ್ಟೆಲಿನಲ್ಲಿದ್ದಾಗ ಪ್ರತಿ ಕಾಗದದಲ್ಲೂ ಅದನ್ನೇ ಮೊದಲು ಬರೀತಿದ್ದೆ ನೀನು. ನಾನು ಅದನ್ನ ಕದ್ದು ವ್ಯಾಪಾರಕ್ಕಿಟ್ಟೆ.”

ಅವನು ಕರಾರು ಪತ್ರ ತೆಗೆದು, ಎರಡಾಗಿ ನಾಲ್ಕಾಗಿ ಹರಿದು ಹೂಕುಂಡದ ಪಕ್ಕದಲ್ಲಿಟ್ಟ.

“ಸಹಿ ಹಾಕ್ಬೇಡ. ಮನೇಲಿ ಇರೋರು ‘ನನಗೇ ಬೇಕು, ಅವರ ಪಾಲು ನಿಧಾನವಾಗಿ ತೀರಿಸ್ತೀನಿ’ ಅಂತ ಮುಂದಿನ ವಾಯಿದೆಗೆ ಮೊದಲು ಅರ್ಜಿ ಕೊಟ್ರೆ, ಕೋರ್ಟು ಅದನ್ನೇ ಮೊದಲು ಕೇಳುತ್ತೆ. ಎಷ್ಟೋ ಫೈಲಿನ ಕೊನೇ ಹಾಳೇಲಿ ಹಾಗೆ ಮನೆ ಉಳಿದದ್ದು ಓದಿದೀನಿ. ಅಂಥ ಅರ್ಜಿ ಕೊಡೋರೇ ಕಡಿಮೆ. ಗೊತ್ತಿರಲ್ಲ, ಇಲ್ಲ ನಾಚಿಕೆ. ಸೋಮವಾರ ನಾನೇ ಜೊತೇಲಿ ಬರ್ತೀನಿ. ಛತ್ರಿ ಮಡಚಿಟ್ಟು ಬಾ.”

ಅಕ್ಕ ಕಣ್ಣೊರೆಸಿಕೊಂಡು ಕಪ್ಪುಗಳನ್ನು ನೇರ ಮಾಡಿದಳು. ಕಾಫಿ ಬಗ್ಗಿಸುತ್ತಿದ್ದವಳು ಅರ್ಧಕ್ಕೆ ನಿಂತಳು.

“ಈ ಅರ್ಜಿ ವಿಷಯ ನಿನ್ನ ಕಾಗದ ಹೋದ ಬೇರೆ ಯಾರಿಗಾದ್ರೂ ಹೇಳಿದ್ಯಾ?”

“ಒಬ್ಬರಿಗೂ ಇಲ್ಲ,” ಎಂದ ಪೆನ್ಸಿಲ್.

“ಈ ವಾರ ಎಷ್ಟು ಕಾಗದ ಹೋಗಿದೆ?”

“ನಿನ್ನದೂ ಸೇರಿ ಹದಿನಾಲ್ಕು.”

ಅಕ್ಕ ಒಳಗೆ ಹೋಗಿ ಬಿಳಿ ಹಾಳೆಯ ಪ್ಯಾಡು, ಒಂದು ಪೆನ್ನು ತಂದಿಟ್ಟಳು. ಅವನ ಕಿವಿಯಲ್ಲಿದ್ದ ಪೆನ್ಸಿಲನ್ನು ತಾನೇ ತೆಗೆದು ಪಕ್ಕಕ್ಕಿಟ್ಟಳು.

“ಕೂತ್ಕೋ. ಹದಿಮೂರು ಕಾಗದ ಬರಿ. ಅರ್ಜಿ ವಿಷಯ ಎಲ್ಲಾ ಬರಿ. ಸೋಮವಾರ ಕೈ ತೆಗೆದು ಹೆಸರು ಓದ್ಕೊಂಡು ಬಾ, ಮೇಲೆ ಹೆಸರು ಹಾಕಿ ಕಳಿಸೋಣ.”

“ಕೆಲಸ ಹೋಗುತ್ತೆ ಅಕ್ಕ.”

“ಹೋದ್ರೆ ಹೋಗ್ಲಿ ಬಿಡು. ಈ ಮನೆ ಉಳಿದ್ರೆ ಹಿಂದಿನ ರೂಮು ನಿಂಗೆ.”

ಅವನು ಪೆನ್ನು ಹಿಡಿದ. “ಮೊದಲು ಏನಂತ ಬರೀಲಿ?”

“ಮೊದಲನೇ ಸಾಲು ಹಾಗೇ ಇರ್ಲಿ,” ಎಂದಳು ಅಕ್ಕ, ಕಾಫಿಯನ್ನು ಅವನ ಹತ್ತಿರಕ್ಕೆ ಸರಿಸುತ್ತ. “ಈ ಸಲ ನಿಜವಾಗ್ಲೂ ಕೇಳು.”