ಗೆರೆ ಸವೆದ ಹೆಬ್ಬೆರಳು

ಜುಲೇಖಾಬಿಯ ಹೆಬ್ಬೆರಳಿನ ಗೆರೆಗಳು ಸವೆದುಹೋಗಿದ್ದವು. ನವಲಗುಂದದಲ್ಲಿ ನಲವತ್ತು ವರ್ಷ ಜಮಖಾನೆ ನೇಯ್ದ ಬೆರಳು ಅದು. ದಾರ ಎಳೆದೆಳೆದು ನುಣ್ಣಗಾಗಿತ್ತು.

ಕೂಲಿ ಕೊಡುವ ಪ್ರತಾಪ ಈಗ ಕೈಗೆ ರೊಕ್ಕ ಕೊಡುವುದಿಲ್ಲ. ಎಲ್ಲ ಖಾತೆಗೆ. ತೆಗೆಯಬೇಕಾದರೆ ಯಂತ್ರದ ಮೇಲೆ ಬೆರಳು ಒತ್ತಬೇಕು.

ಅಂದು ಬೆಳಿಗ್ಗೆ ಆಕೆ ನಮ್ಮ ಬಾಗಿಲಿಗೆ ಓಡಿ ಬಂದಳು.

“ಶಾರದಕ್ಕಾ, ನಮ್ಮ ಮನಿಯವರ ಸಕ್ಕರಿ ಇಂಜೆಕ್ಷನ್ ನಿನ್ನೆನ ತೀರೇತ್ರಿ. ಮುಂಜಾನಿಂದ ನೀರು ನೀರು ಅಂತಾರ, ಕಣ್ಣ ಮಂಜಾಗ್ಯಾವು. ಐನೂರು ಇದ್ರ ಕೊಡ್ರಿ.”

ನನ್ನ ಹತ್ತಿರ ಹತ್ತು ರೂಪಾಯಿಯೂ ಇರಲಿಲ್ಲ. ನಮ್ಮ ಯಜಮಾನರು ಶಿವನ ಪಾದ ಸೇರಿ ಹದಿನೆಂಟು ದಿನ. ರೊಕ್ಕವೆಲ್ಲ ಅವರ ಫೋನಿನಲ್ಲಿ. ಅದರ ಪಿನ್ ನಂಬರು ಅವರ ಸಂಗಡವೇ ಹೋಯಿತು.

ಇಬ್ಬರೂ ಖಾತೆಯಿಂದ ರೊಕ್ಕ ತೆಗೆದುಕೊಡುವ ಅಕೀಲನ ಅಂಗಡಿಗೆ ಹೋದೆವು. ಆಕೆ ಹತ್ತೂ ಬೆರಳು ಒತ್ತಿದಳು. ಹತ್ತು ಸಲವೂ ಕೆಂಪು ದೀಪ.

“ಬೆರಳಿಗೆ ನೂಲಿನ ಬಣ್ಣ ಹತ್ತೈತಿ ಚಾಚಿ. ತಿಕ್ಕಿ ತೊಳಕೊಂಡು ಬಾ.”

ಆಕೆ ಕಟ್ಟೆಯ ಕಲ್ಲಿಗೆ ಹೆಬ್ಬೆರಳು ತಿಕ್ಕಿದಳು. ಮತ್ತೂ ತಿಕ್ಕಿದಳು.

“ಸಾಕು ಬೇ!” ಎಂದೆ. ರಕ್ತ ಬಂದಿತ್ತು.

“ಅಯ್ಯ, ಈಗ ಇದ್ದದ್ದೂ ಹೋತು,” ಎಂದು ಅಕೀಲ ತಲೆ ಹಿಡಿದುಕೊಂಡ.

“ನಿನ್ನ ಗಲ್ಲಾದಾಗ ರೊಕ್ಕ ಐತಲ್ಲೋ?” ಎಂದೆ.

“ಮಷಿನ್ ಹೂಂ ಅಂದ್ರಷ್ಟ ಕೊಡಬೇಕ್ರಿ ಅಮ್ಮಾ. ನಾ ಬರೇ ಕೂಲಿಯಾಂವ.”

ಅಲ್ಲಿಂದ ಪ್ರತಾಪನ ಮಗ್ಗದ ಶೆಡ್ಡಿಗೆ ಹೋದೆವು. ಮುಂದೆ ಮಾಲು ಒಯ್ಯುವ ಟೆಂಪೋ ನಿಂತಿತ್ತು. ಜಮಖಾನೆಗಳನ್ನು ಮಡಚುತ್ತಿದ್ದರು.

“ನಿನ್ನ ರೊಕ್ಕ ಖಾತೇದಾಗ ಸುರಕ್ಷಿತ ಐತಿ,” ಎಂದ ಪ್ರತಾಪ. “ನನ್ನ ಯಾಕ ಕೇಳ್ತಿ?”

“ರೊಕ್ಕ ಸುರಕ್ಷಿತ ಐತ್ರಿ ಸಾವ್ಕಾರ್ರ. ನನ್ನ ಗಂಡ ಸುರಕ್ಷಿತ ಇಲ್ಲ.”

“ಹಂಗಾದ್ರ ಬೆರಳ ಜ್ವಾಕಿ ಮಾಡಬೇಕಿತ್ತು,” ಎಂದು ನಕ್ಕ.

ಒಳಗೆ ಮಗ್ಗಗಳ ಸದ್ದು ನಿಂತಿತು. ಜುಲೇಖಾಬಿ ಹೋಗಿ ಹಾಸಿದ್ದ ಜಮಖಾನೆಯ ನಟ್ಟನಡುವೆ ಕುಳಿತಳು.

“ಇದನ್ನ ನೇಯ್ದದ್ದು ಇದ ಬೆರಳು. ಮಷಿನ್ ಗುರುತು ಹಿಡೀಲಿಲ್ಲ. ನೀವು ಹಿಡೀತೀರೋ ಇಲ್ಲೋ?”

ಮೊದಲು ಆಕೆಯ ಸೊಸೆ ಫಾತಿಮಾಬಿ ಮಗ್ಗ ಬಿಟ್ಟು ಬಂದು ಬಾಜು ಕುಳಿತಳು. ಆಮೇಲೆ ಉಳಿದ ಐವರು ನೇಕಾರ್ತಿಯರು. ಎಲ್ಲರವೂ ಸವೆದ ಬೆರಳುಗಳೇ. ನಾನೂ ಕುಳಿತೆ. ಬಾಯಲ್ಲಿ ಶಿವನಾಮ. ಅತ್ತ ಮನೆಯಲ್ಲಿ ಜುಲೇಖಾಬಿಯ ಗಂಡ ಒಬ್ಬನೇ ಮಲಗಿದ್ದ.

“ನಾಳಿಂದ ಒಬ್ಬರಿಗೂ ಕೆಲಸಿಲ್ಲ!” ಪ್ರತಾಪ ಕೂಗಾಡಿದ. ಟೆಂಪೋದವ ಹಾರ್ನ್ ಹೊಡೆದೇ ಹೊಡೆದ. ಕೊನೆಗೆ ಪ್ರತಾಪ ಕಿಸೆಯಿಂದ ಐನೂರರ ನೋಟು ತೆಗೆದು ಒಗೆದ.

ಜುಲೇಖಾಬಿ ಅದನ್ನು ಸೊಸೆಯ ಕೈಗೆ ತುರುಕಿದಳು. “ಓಡವ್ವ. ಇಂಜೆಕ್ಷನ್ ತೊಗೊಂಡು ಸೀದಾ ಮನಿಗೆ ಹೋಗು.”

“ಸಿಕ್ತಲ್ಲ? ಇನ್ನ ಏಳು,” ಎಂದ ಪ್ರತಾಪ.

ಆಕೆಯ ಕೈ ನನ್ನ ಮೊಣಕಾಲನ್ನು ಬಿಗಿಯಾಗಿ ಹಿಡಿದಿತ್ತು.

“ಇವರ ಕೂಲಿನೂ ಕೈಯಾಗ ಬರ್ಲಿ,” ಎಂದಳು. ಏಳಲಿಲ್ಲ.